ಬಡ್ಡಿ ಇಲ್ಲದ ಸಾಲ ನಿಜಾನಾ? ಮಂಡಕ್ಕಿ ಭಟ್ಟಿ ಚಾಚಾ ಕೇಳಿದ ಪ್ರಶ್ನೆ

ದಾವಣಗೆರೆ: ಹೋದ ತಿಂಗಳು ಮಂಡಕ್ಕಿ ಭಟ್ಟಿ ಏರಿಯಾಕ್ಕೆ ಬೇರೆ ಸುದ್ದಿಗೆ ಅಂತ ಹೋಗಿದ್ದೆ. ಕೆಲಸ ಮುಗಿಸಿ ಹೊರಡೋ ಹೊತ್ತಿಗೆ ಭಟ್ಟಿ ಮಾಲೀಕರೊಬ್ಬರು ಕೂರಿಸಿ ಚಹಾ ತರಿಸಿದ್ರು. ವಯಸ್ಸು ಅರವತ್ತರ ಹತ್ತಿರ. ಮಾತು ಮಳೆ, ಭತ್ತದ ರೇಟು ಎಲ್ಲ ಸುತ್ತಿ ಕೊನೆಗೆ ದುಡ್ಡಿಗೆ ಬಂತು.

“ತಮ್ಮಾ, ನೀನು ಸುದ್ದಿ ಬರೆಯೋನು, ನಿಂಗೆ ಗೊತ್ತಿರುತ್ತೆ. ಬಡ್ಡಿ ಇಲ್ದೆ ಸಾಲ ಕೊಡೋ ಸೊಸೈಟಿ ಅಂತ ಹುಡುಗ್ರು ಬಂದಿದ್ರು, ಮೆಂಬರ್ ಆಗಿ ಅಂದ್ರು. ಇದು ನಿಜಾನಾ? ಇಲ್ಲಾ ಇದೂ ಐಎಂಎ ತರಾನೇನಾ?”

“ವಿಚಾರಿಸಿ ಹೇಳ್ತೀನಿ ಚಾಚಾ” ಅಂದು ಬಂದೆ. ವಿಚಾರಿಸಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಇದೇ ಪ್ರಶ್ನೆ ಹಳೇ ದಾವಣಗೆರೆಯಲ್ಲಿ, ಹರಿಹರದಲ್ಲಿ, ಚನ್ನಗಿರಿಯಲ್ಲಿ ಬಹಳ ಜನಕ್ಕಿದೆ.

ಮೊದಲು ಚಾಚಾಗೆ ಸಾಲ ಯಾಕೆ ಬೇಕು ಅನ್ನೋದು. ಮಂಡಕ್ಕಿ ವ್ಯಾಪಾರ ಹೊರಗಿನಿಂದ ನೋಡಿದ್ರೆ ಸುಲಭ. ಭತ್ತ ತರೋದು, ನೆನೆಸಿ ಬೇಯಿಸೋದು, ಒಣಗಿಸಿ ಮಿಲ್‌ಗೆ ಹಾಕಿಸೋದು, ಕಾದ ಮರಳಲ್ಲಿ ಹುರಿಯೋದು, ಚೀಲ ತುಂಬೋದು. ಕಷ್ಟ ಇರೋದು ದುಡ್ಡಿನ ಟೈಮಿಂಗ್‌ನಲ್ಲಿ. ಭತ್ತ ಕೊಯ್ಲಿನ ಹೊತ್ತಲ್ಲಿ ಅಗ್ಗ, ಆದರೆ ಆಗ ಕೈಯಲ್ಲಿ ನಗದು ಇರಬೇಕು. ಮಂಡಕ್ಕಿ ತಗೊಂಡು ಹೋಗೋ ಅಂಗಡಿಯವರು ದುಡ್ಡು ಕೊಡೋದು ವಾರ, ಹದಿನೈದು ದಿನ ಬಿಟ್ಟು. ನಡುವಿನ ಆ ಗ್ಯಾಪ್ ತುಂಬೋಕೆ 30–50 ಸಾವಿರ ಬೇಕು. ಜಾಗ ಬಾಡಿಗೇದು, ಲೆಕ್ಕದ ಪುಸ್ತಕ ಇಲ್ಲ, ಐಟಿ ರಿಟರ್ನ್ ಇಲ್ಲ. ಬ್ಯಾಂಕ್ ಮ್ಯಾನೇಜರ್ “ನೋಡೋಣ” ಅಂತಾರೆ. ನೋಡೋದು ಮುಗಿಯೋದೇ ಇಲ್ಲ.

ಉಳಿದಿರೋದು ಎರಡು ದಾರಿ. ಒಂದು ಮೈಕ್ರೋ ಫೈನಾನ್ಸ್ ಸಂಘ. ಮನೆ ಹೆಣ್ಣುಮಕ್ಕಳ ಹೆಸರಲ್ಲಿ ಸಾಲ, ವಾರದ ಕಂತು, ಬಡ್ಡಿ ಸಾಮಾನ್ಯವಾಗಿ ಶೇ.20ರ ಮೇಲೆ. 2022ರ ಏಪ್ರಿಲ್‌ನಿಂದ ಜಾರಿಯಾದ ಆರ್‌ಬಿಐ ನಿಯಮದಲ್ಲಿ ಬಡ್ಡಿಗೆ ಇಂತಿಷ್ಟೇ ಅನ್ನೋ ಮಿತಿ ತೆಗೆದುಹಾಕಿದ್ದಾರೆ. ಇನ್ನೊಂದು ಮೀಟರ್ ಬಡ್ಡಿ. ಬೆಳಗ್ಗೆ 900 ಕೈಗಿಟ್ಟು ಸಂಜೆ 1,000 ವಸೂಲಿ ಮಾಡೋ ಲೆಕ್ಕ ತರಕಾರಿ ಗಾಡಿಯವರಿಗೆಲ್ಲ ಗೊತ್ತು. ಇದನ್ನ ತಪ್ಪಿಸೋಕೆ ಅಂತಲೇ 2018ರಲ್ಲಿ ರಾಜ್ಯ ಸರ್ಕಾರ ‘ಬಡವರ ಬಂಧು’ ಅಂತ ಯೋಜನೆ ತಂದು, ಸಹಕಾರಿ ಬ್ಯಾಂಕುಗಳ ಮೂಲಕ ಬೀದಿ ವ್ಯಾಪಾರಿಗಳಿಗೆ 10 ಸಾವಿರದವರೆಗೆ ಬಡ್ಡಿ ಇಲ್ಲದ ಸಾಲ ಕೊಡಿಸಿತ್ತು. ಸಾಲ ವಸೂಲಿ ಕಿರುಕುಳಕ್ಕೆ ಜನ ಊರು ಬಿಟ್ಟರು, ಕೆಲವರು ಜೀವವನ್ನೇ ಕಳ್ಕೊಂಡ್ರು ಅಂತ ಸುದ್ದಿ ಮೇಲೆ ಸುದ್ದಿ ಬಂದಾಗ, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಕಿರುಕುಳ ಕೊಟ್ಟು ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ.

ಮುಸ್ಲಿಮರಿಗೆ ಇದರ ಮೇಲೆ ಇನ್ನೊಂದು ತೊಡಕು. ಇಸ್ಲಾಮಿನಲ್ಲಿ ಬಡ್ಡಿ ತಗೊಳ್ಳೋದೂ ತಪ್ಪು, ಕೊಡೋದೂ ತಪ್ಪು. ‘ರಿಬಾ’ ಅಂತಾರೆ. ವ್ಯಾಪಾರದಿಂದ ಬಂದ ಲಾಭ ಹಲಾಲ್, ಸಾಲದ ಮೇಲೆ ಬಂದ ಹೆಚ್ಚುವರಿ ಹರಾಂ. ಆದ್ರೆ ಈ ಕಾರಣಕ್ಕೇ ಮುಸ್ಲಿಮರು ಬ್ಯಾಂಕಿಗೆ ಹೋಗಲ್ಲ ಅನ್ನೋ ಮಾತು ಅರ್ಧ ಮಾತ್ರ ನಿಜ ಅಂತ ನನಗನ್ಸುತ್ತೆ. ಬ್ಯಾಂಕ್ ಸಾಲದಲ್ಲಿ ಮುಸ್ಲಿಮರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದ್ರೆ ಕಡಿಮೆ ಅಂತ 2006ರ ಸಾಚಾರ್ ಸಮಿತಿ ವರದಿಯೇ ಹೇಳಿತ್ತು. ಅದರಲ್ಲಿ ಇವರು ಹೋಗದೇ ಇರೋದೂ ಇದೆ, ಅವರು ಒಳಗೆ ಬಿಟ್ಕೊಳ್ಳದೇ ಇರೋದೂ ಇದೆ. ಮೀಟರ್ ಬಡ್ಡಿ ಕಟ್ಟೋರಲ್ಲಿ ಐದು ಹೊತ್ತು ನಮಾಜ್ ಮಾಡೋರೂ ಇದ್ದಾರೆ. ಬೇಕು ಅಂತ ಯಾರೂ ಕಟ್ತಿಲ್ಲ.

ಹೊಸ ಹೆಸರು, ಹಳೇ ವ್ಯವಹಾರ

ಇಸ್ಲಾಮಿಕ್ ಮೈಕ್ರೋ ಫೈನಾನ್ಸ್ ಅಂದ ತಕ್ಷಣ ಕರ್ಜೆ ಹಸನಾ, ಮುರಾಬಹಾ, ಮುಶಾರಕಾ ಅಂತ ಅರಬ್ಬಿ ಹೆಸರುಗಳು ಬರ್ತವೆ. ಹೆದರ್ಕೋಬೇಡಿ. ಮೂರಕ್ಕೂ ನಮ್ಮ ಕಡೆ ಮೊದಲಿಂದ ಹೆಸರಿದೆ.

ಕರ್ಜೆ ಹಸನಾ ಅಂದ್ರೆ ಕೈಗಡ. “ಒಂದೆರಡು ಸಾವಿರ ಕೈಗಡ ಕೊಡು, ಬರೋ ತಿಂಗಳು ಕೊಡ್ತೀನಿ” ಅಂತ ನಾವು ಕೇಳಲ್ವಾ, ಅದೇ. ಎಷ್ಟು ಕೊಟ್ಟರೋ ಅಷ್ಟೇ ವಾಪಸ್.

ಮುಶಾರಕಾ ಅಂದ್ರೆ ಪಾಲುದಾರಿಕೆ. ಹೊಲ ಕೋರಿಗೆ ಹಾಕೋ ರೈತರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ. ಬೆಳೆ ಬಂದ್ರೆ ಇಬ್ಬರಿಗೂ ಪಾಲು, ಹೋದ್ರೆ ಇಬ್ಬರಿಗೂ ಲುಕ್ಸಾನು. ಪುಸ್ತಕದಲ್ಲಿ ಇದನ್ನೇ ಎಲ್ಲಕ್ಕಿಂತ ಒಳ್ಳೇದು ಅಂತಾರೆ, ವ್ಯವಹಾರದಲ್ಲಿ ಅತಿ ಕಡಿಮೆ ನಡೆಯೋದೂ ಇದೇ. ಲಾಭ ಹಂಚ್ಕೋಬೇಕು ಅಂದ್ರೆ ಲಾಭ ಎಷ್ಟು ಅಂತ ಗೊತ್ತಾಗಬೇಕು. ಚಾಚಾ ಲೆಕ್ಕ ಇರೋದು ಅವರ ತಲೆಯಲ್ಲಿ.

ಮುರಾಬಹಾ ಅಂದ್ರೆ ಉದ್ರಿ ಮಾರಾಟ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಸಣ್ಣ ವ್ಯಾಪಾರಕ್ಕೆ ಹೆಚ್ಚು ಬಳಕೆ ಆಗೋದು ಇದೇ, ಜಗಳ ಇರೋದೂ ಇದರ ಮೇಲೇ.

ಚಾಚಾಗೆ 20 ಕ್ವಿಂಟಲ್ ಭತ್ತ ಬೇಕು ಅಂತ ಇಟ್ಕೊಳ್ಳಿ. ಕ್ವಿಂಟಲ್‌ಗೆ 2,400 ಅಂದ್ರೆ 48,000 ರೂಪಾಯಿ. ಸೊಸೈಟಿ ದುಡ್ಡನ್ನ ಚಾಚಾ ಕೈಗೆ ಕೊಡಲ್ಲ. ತಾನೇ ಭತ್ತ ಖರೀದಿ ಮಾಡಿ, “ನಮಗೆ ಬಿದ್ದಿದ್ದು 48,000, ನಮ್ಮ ಲಾಭ 1,200, ಒಟ್ಟು 49,200ಕ್ಕೆ ನಿಮಗೆ ಮಾರ್ತೀವಿ, ವಾರಕ್ಕೆ 4,100ರಂತೆ 12 ವಾರ ಕೊಡಿ” ಅನ್ನುತ್ತೆ. ಅಸಲು ಎಷ್ಟು, ಲಾಭ ಎಷ್ಟು ಅಂತ ಬಾಯಿಬಿಟ್ಟು ಹೇಳಲೇಬೇಕು. ಅದೇ ಮುರಾಬಹಾದ ಷರತ್ತು. ನಮ್ಮ ಕಿರಾಣಿ ಅಂಗಡಿಯಲ್ಲಿ ನಗದಿಗೊಂದು ರೇಟು, ಉದ್ರಿಗೊಂದು ರೇಟು ಇರುತ್ತಲ್ಲ, ಹಾಗೇ. ಆದ್ರೆ ಅಂಗಡಿಯವರು ತಮಗೆ ಬಿದ್ದಿದ್ದೆಷ್ಟು ಅಂತ ಯಾವತ್ತೂ ಹೇಳಲ್ಲ.

“ಇದೂ ಬಡ್ಡಿನೇ ಅಲ್ವೇನ್ರಿ?” ಅಂತ ನೀವು ಕೇಳ್ತೀರಾ. ನಾನೂ ಕೇಳ್ದೆ. ವ್ಯತ್ಯಾಸ ಇರೋದು ಎರಡು ಕಡೆ. ಒಂದು, ಭತ್ತ ಚಾಚಾ ಕೈ ಸೇರೋವರೆಗೂ ಸೊಸೈಟಿ ಮಾಲು. ದಾರಿಯಲ್ಲಿ ಲಾರಿ ನೆಂದು ಭತ್ತ ಹಾಳಾದ್ರೆ ನಷ್ಟ ಸೊಸೈಟಿದು. ಎರಡು, ರೇಟು ಒಂದ್ಸಲ ಮಾತಾದ ಮೇಲೆ ಮುಗೀತು. ಚಾಚಾ ಎರಡು ಕಂತು ತಪ್ಪಿಸಿದ್ರೂ 49,200 ಅನ್ನೋದು 49,201 ಆಗಲ್ಲ. ಬೇಕಂತಲೇ ತಡ ಮಾಡೋರಿಗೆ ದಂಡ ಹಾಕಿದ್ರೂ ಅದನ್ನ ಸೊಸೈಟಿ ಇಟ್ಕೊಳ್ಳಂಗಿಲ್ಲ, ದಾನಕ್ಕೆ ಹೋಗಬೇಕು. ನಿಜವಾಗ್ಲೂ ಕಷ್ಟದಲ್ಲಿದ್ರೆ ಟೈಮ್ ಕೊಡಬೇಕು ಅನ್ನೋದು ಧರ್ಮದ ಮಾತು.

ಸರಿ, ಹಾಗಾದ್ರೆ ಇದು ಅಗ್ಗಾನಾ? ಅದಕ್ಕೆ ನಾನು ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ. ವಾರ ವಾರ ಕಂತು ಕಟ್ತಾ ಹೋಗೋದ್ರಿಂದ 12 ವಾರದಲ್ಲಿ ಸರಾಸರಿ ಬಾಕಿ ಇರೋದು 26,000 ರೂಪಾಯಿ ಮಾತ್ರ. ಅದರ ಮೇಲೆ 1,200 ಅಂದ್ರೆ ವರ್ಷದ ಲೆಕ್ಕದಲ್ಲಿ ಹತ್ತಿರ ಹತ್ತಿರ ಶೇ.20. ಅಂದ್ರೆ ಮೈಕ್ರೋ ಫೈನಾನ್ಸ್ ಕಂಪನಿಗಿಂತ ಭಾರೀ ಅಗ್ಗ ಏನಲ್ಲ! ಮೀಟರ್ ಬಡ್ಡಿಗಿಂತ ಮಾತ್ರ ಸಾವಿರ ಪಾಲು ವಾಸಿ. ‘ಬಡ್ಡಿ ಇಲ್ಲ’ ಅನ್ನೋ ಬೋರ್ಡ್ ನೋಡಿ ‘ಖರ್ಚು ಇಲ್ಲ’ ಅಂತ ಓದ್ಕೋಬಾರದು. ಲಾಭದ ಅಂಕಿ, ಎಷ್ಟು ವಾರ, ಎರಡೂ ಕೇಳಬೇಕು. 1,200ರ ಬದಲು 3,000 ಅಂದಿದ್ರೆ ಅದು ಶೇ.50 ಮುಟ್ಟುತ್ತೆ.

ಇನ್ನು ಭತ್ತವೇ ಬರದೆ ಬರೀ ಬಿಲ್ಲು ಮಾತ್ರ ಆ ಕಡೆಯಿಂದ ಈ ಕಡೆ ಹೋಗಿ ಚಾಚಾ ಕೈಗೆ ನೋಟು ಬಂದ್ರೆ, ಅದು ವೇಷ ಹಾಕಿದ ಬಡ್ಡಿ ಅಷ್ಟೇ. ಇದನ್ನ ಹೊರಗಿನವರಿಗಿಂತ ಜೋರಾಗಿ ಹೇಳೋದು ಮುಸ್ಲಿಂ ವಿದ್ವಾಂಸರೇ.

ಖರ್ಚು ಯಾರು ಕೊಡ್ತಾರೆ?

ಕೈಗಡದ ವಿಷಯಕ್ಕೆ ಬರೋಣ. ಲಾಭವೇ ಇಲ್ಲ ಅಂದ್ರೆ ಸೊಸೈಟಿ ಕರೆಂಟ್ ಬಿಲ್ ಕಟ್ಟೋದು ಯಾರು? ಈ ಪ್ರಶ್ನೆ ಕೇಳಿದಾಗಲೇ ನಿಜವಾದ ಸಂಸ್ಥೆ ಯಾವುದು ಅಂತ ಗೊತ್ತಾಗೋದು.

ಒಂದು ಉದಾಹರಣೆ ಲೆಕ್ಕ. ಸೊಸೈಟಿ 500 ಜನಕ್ಕೆ ತಲಾ 10 ಸಾವಿರ ಸಾಲ ಕೊಟ್ಟಿದೆ, ಒಟ್ಟು 50 ಲಕ್ಷ. ಇಬ್ಬರು ಹುಡುಗರಿಗೆ ತಲಾ 12 ಸಾವಿರ ಸಂಬಳ, ಬಾಡಿಗೆ 6 ಸಾವಿರ, ಪೆಟ್ರೋಲು ಕರೆಂಟು ಕಾಗದ ಎಲ್ಲ ಸೇರಿ 5 ಸಾವಿರ. ತಿಂಗಳಿಗೆ 35 ಸಾವಿರ, ವರ್ಷಕ್ಕೆ 4.20 ಲಕ್ಷ. ಒಂದೊಂದು ಸಾಲದ ತಲೆ ಮೇಲೆ 840 ರೂಪಾಯಿ. ಒಂದು ಪೈಸೆ ಲಾಭ ಇಲ್ಲದೆ ಇಷ್ಟು. ಅದೇ 50 ಲಕ್ಷವನ್ನ 50 ಜನಕ್ಕೆ ಲಕ್ಷ ಲಕ್ಷ ಕೊಟ್ಟಿದ್ರೆ ಒಬ್ಬ ಹುಡುಗ ಸಾಕಾಗ್ತಿದ್ದ. ಬಡವರಿಗೆ ಸಣ್ಣ ಸಾಲ ಕೊಡೋದೇ ದುಬಾರಿ ಕೆಲಸ. ಇದು ಇಸ್ಲಾಮಿಕ್ ಇರಲಿ ಬೇರೆ ಇರಲಿ, ಎಲ್ಲರಿಗೂ ಒಂದೇ.

ಈ 840ನ್ನ ಸಾಲಗಾರರಿಂದ ‘ಸರ್ವಿಸ್ ಚಾರ್ಜ್’ ಅಂತ ತಗೋಬಹುದು, ಆದ್ರೆ ನಿಜವಾಗಿ ಆದ ಖರ್ಚಿಗಿಂತ ಹೆಚ್ಚು ತಗೊಳ್ಳಂಗಿಲ್ಲ ಅನ್ನೋದು ನಿಯಮ. ಉತ್ತರ ಪ್ರದೇಶದ ದೇವಬಂದ್‌ನಲ್ಲಿ 1961ರಲ್ಲಿ, ನಜೀಬಾಬಾದ್‌ನಲ್ಲಿ 1971ರಲ್ಲಿ ಶುರುವಾದ ‘ಮುಸ್ಲಿಂ ಫಂಡ್’ಗಳು ಇದಕ್ಕೆ ಹಳೇ ದಾರಿ ಹುಡುಕಿದ್ವು. ಜನ ಬಡ್ಡಿ ಕೇಳದೆ ದುಡ್ಡಿಡ್ತಾರೆ, ಬೇಕಾದವರು ಒಡವೆ ಅಡವಿಟ್ಟು ಸಾಲ ತಗೋತಾರೆ, ಸಾಲದ ಅರ್ಜಿ ಫಾರಂ ಮಾರಿದ ದುಡ್ಡಲ್ಲಿ ಕಚೇರಿ ನಡೆಯುತ್ತೆ. ನಮ್ಮ ರಾಜ್ಯದಲ್ಲಿ ಭಟ್ಕಳದ ಇಸ್ಲಾಮಿಕ್ ವೆಲ್ಫೇರ್ ಸೊಸೈಟಿ ಹೆಸರು ಬಡ್ಡಿರಹಿತ ಸಂಸ್ಥೆಗಳ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಈಚೆಗೆ ಸಹಕಾರ ಸಂಘದ ರೂಪದಲ್ಲಿ ಇದು ಹಬ್ಬಿದೆ. ಪಟ್ನಾದ ಅಲ್ ಖೈರ್ ಸೊಸೈಟಿ ಅಂಥದ್ದು. ಇಂಥ ಸಂಘಗಳನ್ನ ಕಟ್ಟೋಕೆ ನೆರವಾಗಲಿ ಅಂತ ದೆಹಲಿಯಲ್ಲಿ ಸಹೂಲತ್ ಅನ್ನೋ ಸಂಸ್ಥೆಯೇ ಇದೆ.

ಇವರ ಬಂಡವಾಳ ಎಲ್ಲಿಂದ ಅಂದ್ರೆ ಬಹುಪಾಲು ದಿನದ ಉಳಿತಾಯ. ಹುಡುಗ ಅಂಗಡಿ ಅಂಗಡಿಗೆ ಬಂದು 20, 50 ರೂಪಾಯಿ ತಗೊಂಡು ಚೀಟಿ ಹರಿದು ಕೊಡ್ತಾನೆ. ಪಿಗ್ಮಿ! 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಶುರು ಮಾಡಿದ್ದು ಇಲ್ಲೂ ಕೆಲಸ ಮಾಡ್ತಿದೆ. ಆರು ತಿಂಗಳು ತಪ್ಪದೆ ಪಿಗ್ಮಿ ಕಟ್ಟಿದ ಅಂಗಡಿಯವನು ಎಂಥವನು ಅಂತ ಸೊಸೈಟಿಗೆ ಗೊತ್ತಾಗಿಬಿಡುತ್ತೆ, ಬೇರೆ ದಾಖಲೆ ಯಾಕೆ ಬೇಕು.

ಇನ್ನೊಂದು ದಾರಿ ದಾನದ್ದು. ಪಾಕಿಸ್ತಾನದ ಲಾಹೋರ್‌ನಲ್ಲಿ 2001ರಲ್ಲಿ ಡಾ. ಅಮ್ಜದ್ ಸಾಕಿಬ್ ಅನ್ನೋರು ‘ಅಖುವತ್’ ಶುರು ಮಾಡಿದ್ರು. ಮೊದಲ ಸಾಲ ಒಬ್ಬ ವಿಧವೆಗೆ, 10 ಸಾವಿರ ರೂಪಾಯಿ. ಆಕೆ ಅದನ್ನ ಪೂರ್ತಿ ತೀರಿಸಿದ್ರು. ಅಲ್ಲಿಂದ ಬೆಳೆದು ಇವತ್ತು ಜಗತ್ತಿನ ದೊಡ್ಡ ಬಡ್ಡಿರಹಿತ ಕಿರುಸಾಲ ಸಂಸ್ಥೆಗಳಲ್ಲಿ ಅದೂ ಒಂದು. 2021ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಾಲದ ಚೆಕ್ ಹಂಚೋದು ಮಸೀದಿಯಲ್ಲಿ, ಚರ್ಚಿನಲ್ಲೂ ಹಂಚಿದ್ದಾರೆ, ಸಾಲ ಪಡೆದೋರಲ್ಲಿ ಬೇರೆ ಧರ್ಮದವರೂ ಇದ್ದಾರೆ. ಮಸೀದಿ ಅಂದ್ರೆ ಕಚೇರಿ ಬಾಡಿಗೆ ಉಳೀತು, ಹತ್ತು ಜನರ ಮುಂದೆ ತಗೊಂಡ ಸಾಲ ಅಂದ್ರೆ ತೀರಿಸೋ ನಾಚಿಕೆಯೂ ಇರುತ್ತೆ. ತೀರಿಸಿದವರು ಆಮೇಲೆ ತಮ್ಮ ಕೈಲಾದಷ್ಟು ದಾನ ಕೊಡ್ತಾರೆ. ಆದ್ರೆ ಮುಂದೆ ಪಂಜಾಬ್ ಪ್ರಾಂತ್ಯದ ಸರ್ಕಾರ ದೊಡ್ಡ ಮೊತ್ತ ಕೊಟ್ಟ ಮೇಲೇ ಅದು ಆ ಗಾತ್ರಕ್ಕೆ ಬೆಳೆದದ್ದು ಅನ್ನೋದನ್ನೂ ಹೇಳಬೇಕು. ಬರೀ ದಾನದಲ್ಲಿ ಒಂದು ಓಣಿ ನಡೀಬಹುದು, ಒಂದು ಜಿಲ್ಲೆ ಕಷ್ಟ.

ನಮ್ಮ ದೇಶದ ಬ್ಯಾಂಕುಗಳು ಯಾಕೆ ಮಾಡಲ್ಲ ಅಂದ್ರೆ ಕಾನೂನು ಬಿಡಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಪ್ರಕಾರ ಬ್ಯಾಂಕು ಸರಕು ಖರೀದಿ ಮಾಡಿ ಮಾರಂಗಿಲ್ಲ. ಭತ್ತ ತಂದು ಚಾಚಾಗೆ ಮಾರೋ ಹಾಗಿಲ್ಲ ಅಂದ್ಮೇಲೆ ಮುರಾಬಹಾ ಎಲ್ಲಿಂದ? 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಿ ಅಂತು, 2015ರಲ್ಲಿ ದೀಪಕ್ ಮೊಹಂತಿ ಸಮಿತಿ ಇರೋ ಬ್ಯಾಂಕುಗಳಲ್ಲೇ ಒಂದು ಪ್ರತ್ಯೇಕ ಕಿಟಕಿ ತೆರೀರಿ ಅಂತು. ಇದನ್ನ ಮುಂದುವರಿಸಲ್ಲ ಅಂತ ಆರ್‌ಬಿಐ 2017ರಲ್ಲಿ ಆರ್‌ಟಿಐ ಅರ್ಜಿಗೆ ಉತ್ತರ ಕೊಡ್ತು. ಅಲ್ಲಿಗೆ ಮುಗೀತು. ಹಾಗಾಗಿ ಈ ಕೆಲಸ ಸೊಸೈಟಿಗಳ ಪಾಲಿಗೆ ಬಂತು.

ಐಎಂಎ ಏನಾಗಿತ್ತು

ಬಾಗಿಲು ಹೀಗೆ ಮುಚ್ಚಿದಾಗ ಹಿಂಬಾಗಿಲಿಂದ ಬರೋರು ಬರ್ತಾರೆ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದ್ರೆ ಐಎಂಎ, ‘ಹಲಾಲ್ ಹೂಡಿಕೆ’ ಅಂತ ಹೇಳಿ ವರ್ಷಗಟ್ಟಲೆ ದುಡ್ಡು ಸಂಗ್ರಹ ಮಾಡ್ತು. ಹಾಕಿದವರನ್ನ ಠೇವಣಿದಾರರು ಅನ್ನದೆ ‘ಪಾಲುದಾರರು’ ಅಂತು. ಕೊಡೋದು ಬಡ್ಡಿ ಅಲ್ಲ ಲಾಭದ ಪಾಲು ಅಂತು. ಬ್ಯಾಂಕು ಕನಸಲ್ಲೂ ಕೊಡದಷ್ಟು ತಿಂಗಳ ಲಾಭ. 2019ರ ಜೂನ್‌ನಲ್ಲಿ ಮಾಲೀಕ ದುಬೈಗೆ ಹೋದ, ಅಂಗಡಿ ಮುಂದೆ ಜನ ಸೇರಿದ್ರು, ಹತ್ತಾರು ಸಾವಿರ ದೂರು ದಾಖಲಾದವು. ಜುಲೈನಲ್ಲಿ ವಾಪಸ್ ಬಂದವನನ್ನ ದೆಹಲಿಯಲ್ಲಿ ಬಂಧಿಸಿದ್ರು, ತನಿಖೆ ಎಸ್‌ಐಟಿಯಿಂದ ಸಿಬಿಐಗೆ ಹೋಯ್ತು. ಮಗಳ ಮದುವೆಗೆ ಇಟ್ಟ ದುಡ್ಡು, ಗಲ್ಫ್‌ನಲ್ಲಿ ದುಡಿದ ದುಡ್ಡು, ಹೆಂಗಸರ ಒಡವೆ ಮಾರಿದ ದುಡ್ಡು ಎಲ್ಲ ಅದರಲ್ಲಿತ್ತು. ಚಾಚಾ ಸಂಬಂಧಿಕರದ್ದೂ ಇತ್ತಂತೆ. ಅದಕ್ಕೇ ಅವರು ಹೆದರಿದ್ದು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿರಹಿತ ಸೊಸೈಟಿ ಭಟ್ಟಿಯವನಿಗೆ ಸಾಲ ಕೊಡೋಕೆ ಇರೋದು. ದುಡ್ಡಿಟ್ಟವರಿಗೆ ಅದು ಏನೂ ಕೊಡಲ್ಲ, ಕೊಟ್ರೂ ವರ್ಷದ ಕೊನೆಗೆ ಆಡಿಟ್ ಆದ ಮೇಲೆ ಬಂದ ಲಾಭದಲ್ಲಿ ಸ್ವಲ್ಪ ಪಾಲು, ಅದೂ ಮೊದಲೇ ಇಷ್ಟು ಅಂತ ಹೇಳಂಗಿಲ್ಲ. ಐಎಂಎ ಯಾವ ಭಟ್ಟಿಯವನಿಗೆ ಭತ್ತ ಕೊಡಿಸೋಕೂ ಹುಟ್ಟಿದ್ದಲ್ಲ. ಅದರ ಗಮನವೆಲ್ಲ ಇದ್ದದ್ದು ದುಡ್ಡು ಇಡೋರ ಮೇಲೆ. ಯಾರಾದ್ರೂ ನಿಮ್ಮ ಮನೆಗೆ ಬಂದು “ಎಷ್ಟು ಸಾಲ ಬೇಕು” ಅಂತ ಕೇಳೋದಕ್ಕಿಂತ ಮೊದಲು “ಎಷ್ಟು ಹಾಕ್ತೀರಾ, ತಿಂಗಳಿಗೆ ಇಷ್ಟು ಬರುತ್ತೆ” ಅಂದ್ರೆ, ಅವರ ಗಡ್ಡ ಟೋಪಿ ನೋಡಬೇಡಿ, ಕಳಿಸಿಬಿಡಿ. ವ್ಯಾಪಾರದಲ್ಲಿ ಯಾವ ತಿಂಗಳೂ ಒಂದೇ ಲಾಭ ಬರಲ್ಲ. ಖಾತ್ರಿ ಲಾಭ ಅಂದ್ರೆ ಇಸ್ಲಾಂ ಪ್ರಕಾರವೂ ಅದು ಬಡ್ಡಿನೇ.

ಹಾಗಂತ ನೋಂದಣಿ ಆದ ಸೊಸೈಟಿ ಎಲ್ಲ ಸುರಕ್ಷಿತ ಅಂತಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಮುಳುಗಿದ್ರೆ ಮುಳುಗಿದ್ದೇ. ಹಾಗಾಗಿ ಸಾಲಕ್ಕೆ ಮೆಂಬರ್ ಆಗೋದು ಬೇರೆ, ಜೀವಮಾನದ ಉಳಿತಾಯ ತಂದು ಇಡೋದು ಬೇರೆ. ಮೊದಲನೇದಕ್ಕೆ ಷೇರು ದುಡ್ಡಷ್ಟೇ ಅಪಾಯದಲ್ಲಿರೋದು.

ನೋಂದಣಿ ಎಲ್ಲಿ ಆಗಿದೆ ಅಂತ ಕೇಳಬೇಕು. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಆಗಿದ್ರೆ ಇಲ್ಲೇ ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಯಲ್ಲಿ ವಿಚಾರಿಸಬಹುದು. 1997ರ ಸೌಹಾರ್ದ ಕಾಯ್ದೆಯದ್ದಾದರೆ ಅದರ ದಾಖಲೆ ಬೇರೆ. ಹಲವು ರಾಜ್ಯದ್ದಾದರೆ ದೆಹಲಿಯ ಕೇಂದ್ರ ನಿಬಂಧಕರದ್ದು. ಬರೀ ಟ್ರಸ್ಟ್ ಅಂತ ನೋಂದಣಿ ಮಾಡ್ಕೊಂಡು ಠೇವಣಿ ತಗೋತಿದ್ರೆ ಅಲ್ಲೇ ನಿಲ್ಲಿಸಿ. ಕಳೆದ ವರ್ಷದ ಆಡಿಟ್ ವರದಿ ಮೆಂಬರ್ ಆದೋರು ಕೇಳಬಹುದು, ಅದು ಹಕ್ಕು. ಹಾಗೇ, ಇಂಥ ಸೊಸೈಟಿ ಮುಸ್ಲಿಮರಿಗೆ ಮಾತ್ರ ಅನ್ನೋ ತಪ್ಪು ತಿಳುವಳಿಕೆ ನಮ್ಮೂರಲ್ಲಿದೆ. ಮುಕ್ತ ಸದಸ್ಯತ್ವ ಅನ್ನೋದು ಸಹಕಾರ ತತ್ವದಲ್ಲೇ ಮೊದಲನೇದು. ಗಡಿಯಾರ ಕಂಬದ ಹತ್ತಿರ ಹೂ ಮಾರೋ ಅಕ್ಕನೂ ಮೆಂಬರ್ ಆಗಬಹುದು.

ಇದೆಲ್ಲ ಬರ್ಕೊಂಡು ಮೊನ್ನೆ ಮತ್ತೆ ಚಾಚಾ ಹತ್ತಿರ ಹೋದೆ. ಅಷ್ಟರಲ್ಲಿ ಅವರೇ ಆ ಹುಡುಗರನ್ನ ಕರೆಸಿ ನೋಂದಣಿ ಪತ್ರದ ಜೆರಾಕ್ಸ್ ಇಸ್ಕೊಂಡಿದ್ರು. ನನ್ನ ಶೇ.20ರ ಲೆಕ್ಕ ಕೇಳಿ ನಕ್ಕರು. “ದಲ್ಲಾಳಿ ಉದ್ರಿ ಭತ್ತಕ್ಕೆ ಎಷ್ಟು ಹೆಚ್ಚಿಗೆ ಹಾಕ್ತಾನೆ ಅಂತ ನಾನು ಯಾವತ್ತೂ ಲೆಕ್ಕ ಹಾಕಿಲ್ಲ ನೋಡು” ಅಂದ್ರು. ಷೇರು ತಗೊಂಡು ದಿನಾ 50 ರೂಪಾಯಿ ಪಿಗ್ಮಿ ಶುರು ಮಾಡ್ತಾರಂತೆ. ಸಾಲದ ಮಾತು ಆರು ತಿಂಗಳು ಬಿಟ್ಟು. ಈ ಸಲದ ಭತ್ತ ಮಾತ್ರ ದಲ್ಲಾಳಿ ಹತ್ತಿರ ಉದ್ರಿಗೇ ತರಬೇಕು.